ದ್ವೀಪದ ಜಗಳಗಳ ಆಲ್ಬಂ: ಏಳನೇ ವಾರ

ದೇಶಗಳು ಕಿತ್ತಾಡಿದ ದ್ವೀಪಗಳ ಅಂಚೆಚೀಟಿ ಅಂಟಿಸೋ ನನ್ನ ಆಲ್ಬಂನಲ್ಲಿ ಈ ವಾರ ಮೂರು ಪುಟ ಮುಗಿಸಬೇಕಿತ್ತು. ಆಗಿದ್ದು ಒಂದೂವರೆ. ಮಂಡ್ಯದಲ್ಲಿ ನಾಲ್ಕು ದಿನದಿಂದ ಬಿಡದ ಜಡಿಮಳೆ. ಬೀರುವಿನೊಳಗೂ ಥಂಡಿ ಹೊಕ್ಕು, ಫಾಕ್‌ಲ್ಯಾಂಡ್‌ನ ಎರಡು ಅಂಚೆಚೀಟಿ ಪುಟಕ್ಕೇ ಕಚ್ಚಿಕೊಂಡಿದ್ದವು. ತಪ್ಪು ನಂದೇ, ಕವರ್ ಹಾಕದೆ ಸುಮ್ನೆ ಇಟ್ಟಿದ್ದೆ. ಪುಟ ಕತ್ತರಿಸಿ, ತಟ್ಟೆ ನೀರಲ್ಲಿ ನೆನೆಸಿ, ಹಳೇ ಪೇಪರ್ ನಡುವೆ ಒಣಗಿಸಿದೆ. ಒಂದರ ಮೂಲೆಯ ಹಲ್ಲು ಹೋಯಿತು. ಹೊಟ್ಟೆ ಉರೀತು.

ಆ ಪುಟದ ಕಥೆ ಚೆನ್ನಾಗಿದೆ. ಅರ್ಜೆಂಟೀನಾ ಹತ್ತಿರದ ಈ ಫಾಕ್‌ಲ್ಯಾಂಡ್ ದ್ವೀಪ ಹಿಡಿದು ನೂರು ವರ್ಷವಾಯಿತು ಅಂತ 1933ರಲ್ಲಿ ಬ್ರಿಟನ್ ಕಡೆಯಿಂದ ಚೀಟಿ ಬಂತು. 1936ರಲ್ಲಿ ಅರ್ಜೆಂಟೀನಾ ತನ್ನ ನಕಾಶೆ ಚೀಟಿಯಲ್ಲಿ ಅದೇ ದ್ವೀಪ ಸೇರಿಸಿಕೊಂಡಿತು. 1982ರ ಏಪ್ರಿಲ್ 2ರಂದು ಸೈನ್ಯವನ್ನೇ ಇಳಿಸಿತು. ‘ಮಾಲ್ವಿನಾಸ್ ಅರ್ಜೆಂಟೀನಾದ್ದು’ ಅಂತ ಚೀಟಿ ಮೇಲೆ ಅಚ್ಚೂ ಒತ್ತಿತು (ಫಾಕ್‌ಲ್ಯಾಂಡ್‌ಗೆ ಅವರು ಕರೆಯೋ ಹೆಸರು ಮಾಲ್ವಿನಾಸ್). ಜೂನ್ 14ಕ್ಕೆ ಅಲ್ಲಿದ್ದ ಸೈನ್ಯ ಶರಣಾಯಿತು. ಅಚ್ಚು ಮಾತ್ರ ಉಳೀತು.

ಅರ್ಧ ಆಗಿರೋದು ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳ ಪುಟ. 1965ರಲ್ಲಿ ಬ್ರಿಟನ್ ಈ ದ್ವೀಪಗಳನ್ನು ಮಾರಿಷಸ್‌ನಿಂದ ಬೇರೆ ಮಾಡಿ, ಮೂರು ವರ್ಷ ಬಿಟ್ಟು ಮಾರಿಷಸ್‌ಗೆ ಸ್ವಾತಂತ್ರ್ಯ ಕೊಟ್ಟಿತು. 1968ರ ಮೊದಲ ಚೀಟಿಗಳು ಸೆಶೆಲ್ಸ್‌ನವು, ಮೇಲೆ ‘ಬಿ.ಐ.ಓ.ಟಿ.’ ಅನ್ನೋ ನಾಲ್ಕಕ್ಷರ, ಅಂದ್ರೆ ಬ್ರಿಟಿಷ್ ಇಂಡಿಯನ್ ಓಷನ್ ಟೆರಿಟರಿ, ಬ್ರಿಟನ್ ಇಟ್ಟ ಹೊಸ ಹೆಸರು. ಲೆನ್ಸ್ ಹಿಡಿದರೆ ಹಳೇ ಊರಿನ ಹೆಸರೂ ಹಾಗೇ ಕಾಣುತ್ತೆ. ನಮ್ಮ ದೊಡ್ಡಪ್ಪ ವಿಲೇಜ್ ಅಕೌಂಟೆಂಟ್ ಆಗಿ ರಿಟೈರ್ ಆದವರು. ಲೆನ್ಸ್ ಕಿತ್ತುಕೊಂಡು ನೋಡಿದರು.

“ಇದೇನ್ಲಾ, ಪಹಣಿ ತಿದ್ದಿದಂಗೈತೆ! ಒಡೆಯನ ಹೆಸರಿನ ಒಂಬತ್ತನೇ ಕಾಲಂ ಆಯ್ತು, ಉಳೋನ ಹೆಸರಿನ ಹನ್ನೆರಡು ಎಲ್ಲಿ? ಅಲ್ಲಿ ಉಳ್ತಿದ್ದೋರು ಯಾರು?”

“ತೆಂಗಿನ ತೋಟದಲ್ಲಿ ದುಡೀತಿದ್ದ ಜನ ದೊಡ್ಡಪ್ಪ. ಅಮೆರಿಕಕ್ಕೆ ಸೈನಿಕ ನೆಲೆ ಬೇಕು ಅಂತ 1973ರೊಳಗೆ ಅವರನ್ನೆಲ್ಲ ಎಬ್ಬಿಸಿ ಕಳಿಸಿಬಿಟ್ಟರು.”

“ಕೋರ್ಟಿಗೆ ಹೋಗ್ನಿಲ್ವಾ?”

ಹೋಗಿದ್ದಾರೆ, ಬೇಕಾದಷ್ಟು ಸಲ. 2019ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವೂ ಬ್ರಿಟನ್ ದ್ವೀಪ ಬಿಡಬೇಕು ಅಂತ ಅಭಿಪ್ರಾಯ ಕೊಟ್ಟಿತು. ಬರೀ ಸಲಹೆ, ಜಾರಿ ಮಾಡೋರು ಯಾರು? ವಿಶ್ವಸಂಸ್ಥೆಯಲ್ಲಿ 116 ದೇಶ ಮಾರಿಷಸ್ ಕಡೆ, 6 ದೇಶ ವಿರುದ್ಧ ವೋಟು ಹಾಕಿದವು. ನನಗೆ ಜಾಸ್ತಿ ಖುಷಿ ಕೊಟ್ಟಿದ್ದು 2021ರ ಸುದ್ದಿ: ಈ ಬಿ.ಐ.ಓ.ಟಿ. ಚೀಟಿಗಳನ್ನು ಇನ್ನು ನೋಂದಾಯಿಸೋದಿಲ್ಲ, ಹಂಚೋದಿಲ್ಲ ಅಂತ ವಿಶ್ವ ಅಂಚೆ ಒಕ್ಕೂಟ ತೀರ್ಮಾನಿಸಿತು. ಪಹಣಿಯೇ ರದ್ದಾದ ಹಾಗೆ, ಅಲ್ವಾ? 2025ರ ಮೇ 22ರಂದು ಎರಡೂ ದೇಶ ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಪ್ರಕಾರ ದ್ವೀಪ ಮಾರಿಷಸ್‌ಗೆ, ಸೈನಿಕ ನೆಲೆಯಿರೋ ಡಿಯಾಗೋ ಗಾರ್ಸಿಯಾ ಮಾತ್ರ 99 ವರ್ಷ ಬ್ರಿಟನ್‌ಗೆ ಗುತ್ತಿಗೆಗೆ. “ಗುತ್ಗೆ ಹಾಕ್ಸ್ಕಂಡೋನು ಬಿಡ್ತಾನೇನ್ಲಾ?” ಅಂತ ದೊಡ್ಡಪ್ಪ ಎದ್ದು ಹೋದರು.

ಕೆನಡಾಕ್ಕೂ ಡೆನ್ಮಾರ್ಕ್‌ನ ಗ್ರೀನ್‌ಲ್ಯಾಂಡ್‌ಗೂ ನಡುವಿನ ಹ್ಯಾನ್ಸ್ ದ್ವೀಪದ ಪುಟ ಕೈಬಿಟ್ಟೆ. ಕೆನಡಾ, ಡೆನ್ಮಾರ್ಕ್ ವರ್ಷಗಟ್ಟಲೆ ಬಾವುಟ ನೆಟ್ಟು, ಮದ್ಯದ ಬಾಟಲಿ ಇಟ್ಟು ಬರ್ತಿದ್ದವು. 2022ರಲ್ಲಿ ಭಾಗ ಮಾಡಿಕೊಂಡವು. ಅಂಟಿಸೋಕೆ ನನಗೆ ಏನೂ ಸಿಗಲಿಲ್ಲ.

ಚಾಗೋಸ್ ಚೀಟಿಯ ಕೆಳಗೆ ಪೆನ್ಸಿಲ್‌ನಲ್ಲಿ ಒಂದು ಚೌಕ ಎಳೆದು ‘ಕಾಲಂ 12’ ಅಂತ ಬರೆದಿದ್ದೇನೆ. ಅದಕ್ಕೆ ಏನು ಅಂಟಿಸೋದು ಅಂತ ಇನ್ನೂ ಹೊಳೆದಿಲ್ಲ. ಬಿಸಿಲು ಬಂದರೆ ಭಾನುವಾರ ಮೊದಲು ಆಲ್ಬಂ ಒಣಗಿಸಬೇಕು.