ಬಾಗಿಲ ಹಿಂದಿನ ಚೀಲ

ನಮ್ಮನೆ ನಡುಮನೆಯ ಬಾಗಿಲ ಹಿಂದೆ ಒಂದು ಬಟ್ಟೆ ಚೀಲ ನೇತಾಡುತ್ತಿತ್ತು. ಮೊದಲು ಬಿಳಿ ಇತ್ತಂತೆ. ನನಗೆ ಬುದ್ಧಿ ಬಂದಾಗಿನಿಂದ ಅದು ಬೂದಿ ಬಣ್ಣವೇ. ಒಳಗಿದ್ದದ್ದು ಒಂದು ಸುರುಳಿ ಬಿಳಿ ಪಟ್ಟಿ, ಎರಡು ವಿಭೂತಿ ಗಟ್ಟಿ, ಗಂಟು ಹಾಕಿದ ಒಂದು ಹುರಿ, ಒಂದು ಸುತ್ತಿಗೆ, ಕಾಗದದಲ್ಲಿ ಸುತ್ತಿಟ್ಟ ನಾಲ್ಕೈದು ಮೊಳೆ. ಮಕ್ಕಳು ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಮುಟ್ಟಬೇಡಿ ಅಂತ ಅಪ್ಪ ಯಾವತ್ತೂ ಹೇಳಿದವರಲ್ಲ. ಹೇಳಿದ್ದು ಅಮ್ಮ.

ಊರಲ್ಲಿ ಯಾರಾದರೂ ತೀರಿಕೊಂಡರೆ ಅಪ್ಪನಿಗೆ ಕರೆ ಬರುತ್ತಿತ್ತು. ‘ಕೂರಿಸಬೇಕಿತ್ತು, ಬರ್ತೀರಾ?’ ಅಷ್ಟೇ. ಯಾರು, ಏನಾಗಿತ್ತು ಅಂತ ಅಪ್ಪ ಕೇಳುತ್ತಿರಲಿಲ್ಲ. ‘ಎಷ್ಟು ಹೊತ್ತಾಯ್ತು?’ ಅಂತ ಮಾತ್ರ ಕೇಳುತ್ತಿದ್ದರು.

ಲಿಂಗಾಯತರಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಪೂಜೆಗೆ ಕೂತ ಹಾಗೆ ಕಾಲು ಮಡಚಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಕೂತ ಭಂಗಿಯಲ್ಲೇ ಮಣ್ಣು ಮಾಡುತ್ತೇವೆ. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಕೂರಿಸುವುದು ಹೇಗೆ ಅನ್ನೋದು ಎಲ್ಲರಿಗೂ ಗೊತ್ತಿರಲ್ಲ. ಪ್ರಾಣ ಹೋದ ಎರಡು ಮೂರು ಗಂಟೆಗೆಲ್ಲ ಮೈ ಬಿಗಿಯೋಕೆ ಶುರುವಾಗುತ್ತೆ. ಅಷ್ಟರೊಳಗೆ ಮಂಡಿ ಮಡಚಬೇಕು, ಬೆನ್ನು ಗೋಡೆಗೆ ಕೊಡಬೇಕು, ತಲೆ ವಾಲದ ಹಾಗೆ ಹಣೆಗೆ ಪಟ್ಟಿ ಕಟ್ಟಿ ಗೋಡೆಯ ಮೊಳೆಗೆ ಬಿಗಿಯಬೇಕು. ಮನೆಯವರು ಅಳುತ್ತಾ ಕೂತರೆ ಹೊತ್ತು ಮೀರುತ್ತೆ. ಆಮೇಲೆ ಮಂಡಿ ಬಗ್ಗಿಸೋಕೆ ಹೋದರೆ ನೋಡೋರಿಗೇ ಹಿಂಸೆ. ಅದಕ್ಕೇ ಅಪ್ಪ ಸುದ್ದಿ ಬಂದರೆ ಕಾಫಿ ಲೋಟ ಅಲ್ಲೇ ಬಿಟ್ಟು ಎದ್ದುಬಿಡುತ್ತಿದ್ದರು.

ಅದು ಅವರ ಕೆಲಸವೇನೂ ಅಲ್ಲ. ಕೆಲಸ ಸರ್ಕಾರಿ ಬಸ್ಸಿನ ಕಂಡಕ್ಟರ್‌ದು. 1978ರಿಂದ 2013ರವರೆಗೆ ಜಾಸ್ತಿ ಓಡಿದ್ದು ತುಮಕೂರು–ಪಾವಗಡ ದಾರಿಯಲ್ಲೇ. ಕೊರಟಗೆರೆ, ಮಧುಗಿರಿ, ಆಮೇಲೆ ಬರೀ ಕಲ್ಲುಬೆಟ್ಟ, ಜಾಲಿ, ಕಡಲೆಕಾಯಿ ಹೊಲ. ಕಾಲ ಕಾಲಕ್ಕೆ ಖಾಕಿ ಜೇಬಿನ ತುಂಬ ಹಸಿ ಕಡಲೆಕಾಯಿ ತರುತ್ತಿದ್ದರು. ಜೇಬಿಂದ ಸುರಿದರೆ ಜೊತೆಗೆ ಮಣ್ಣೂ ಚಿಲ್ಲರೆಯೂ ಬೀಳುತ್ತಿತ್ತು. ಚಿಲ್ಲರೆ ಮುಟ್ಟುವಂತಿಲ್ಲ, ಅದು ಡಿಪೋ ದುಡ್ಡು. ಟಿಕೆಟ್ಟಿಗೆ ದುಡ್ಡಿಲ್ಲದ ಹುಡುಗರಿಗೆ ತಮ್ಮ ಕೈಯಿಂದ ಹಾಕಿ ಟಿಕೆಟ್ ಹರಿಯುತ್ತಿದ್ದರು. ಸುಮ್ನೆ ಹತ್ತಿಸಿಕೊಂಡು ಹೋಗಬಹುದಿತ್ತಲ್ಲ ಅಂದರೆ, ಚೆಕಿಂಗ್‌ನವರು ಬಂದರೆ ಹುಡುಗನಿಗೆ ಅವಮಾನ ಅನ್ನುತ್ತಿದ್ದರು. ತಿಂಗಳ ಕೊನೆಯಲ್ಲಿ ಈ ಲೆಕ್ಕಕ್ಕೆ ಅಮ್ಮನಿಗೂ ಅವರಿಗೂ ಮಾತು ಬೆಳೆಯುತ್ತಿತ್ತು. ಅಮ್ಮನದೂ ತಪ್ಪಿಲ್ಲ. ಮೂರು ಮಕ್ಕಳು, ಅಮ್ಮನಿಗೆ ಉಬ್ಬಸ, ಸಂಬಳ ಒಂದೇ.

ಅಪ್ಪ ಬೆಳೆದದ್ದು ಸಿದ್ಧಗಂಗಾ ಮಠದಲ್ಲಿ. ಅರುವತ್ತರ ದಶಕದ ನಡುವಿನ ಬರಗಾಲದಲ್ಲಿ ಊರಲ್ಲಿ ಉಣ್ಣೋಕಿಲ್ಲದೆ ಅಜ್ಜ ಇವರನ್ನು ಕರೆದುಕೊಂಡು ಬಂದು ಬಿಟ್ಟರಂತೆ. ಆಗ ಹನ್ನೆರಡು ವರ್ಷ. ಮಠದಲ್ಲಿ ಯಾವ ಜಾತಿ ಅಂತ ಕೇಳದೆ ಸೇರಿಸಿಕೊಂಡು, ಊಟ ಹಾಕಿ, ಓದಿಸುತ್ತಿದ್ದರು. ಈಗಲೂ ಸಾವಿರಾರು ಮಕ್ಕಳು ಅಲ್ಲೇ ಉಂಡು ಓದುತ್ತಾರೆ. ಅಪ್ಪನ ಮೊದಲ ನೆನಪು ಪಾಠದ್ದಲ್ಲ, ಮುದ್ದೆಯದ್ದು. ಆಳೆತ್ತರದ ಕೋಲು ಹಿಡಿದು ರಾಗಿ ತೊಳಸುವವರನ್ನು ನೋಡುತ್ತಾ ನಿಂತಿದ್ದರಂತೆ. ‘ಇಷ್ಟೊಂದು ಹಿಟ್ಟು ಒಂದೇ ಕಡೆ ನಾನು ನೋಡೇ ಇರಲಿಲ್ಲ’ ಅನ್ನುತ್ತಿದ್ದರು.

ಕೆಲಸ ಸಿಕ್ಕ ಮೇಲೂ ಮಠ ಬಿಟ್ಟು ದೂರ ಹೋಗಲಿಲ್ಲ. ಮನೆ ಕಟ್ಟಿದ್ದು ಕ್ಯಾತಸಂದ್ರದಲ್ಲಿ. ಭಾನುವಾರ ಪಾಳಿ ಇಲ್ಲದಿದ್ದರೆ ನಮಗೆ ತಟ್ಟೆ ಇಡ್ಲಿ ಕಟ್ಟಿಸಿ ತಂದು ಕೊಟ್ಟು, ತಾವು ಮಠದ ಅಡುಗೆ ಮನೆಗೆ ಹೋಗುತ್ತಿದ್ದರು. ಬೆಳಗ್ಗೆ ನಾಲ್ಕಕ್ಕೆ ಎದ್ದು ಲಿಂಗಪೂಜೆ. ಮಕ್ಕಳು ಮಲಗಿರುತ್ತೇವೆ ಅಂತ ಗಂಟೆ ಬಾರಿಸುತ್ತಿರಲಿಲ್ಲ. ಅಮ್ಮನಿಗೆ ಉಬ್ಬಸ ಏರಿದ ದಿನ ಪೂಜೆ ಮುಗಿಸಿ ನನಗೆ ಜಡೆ ಹಾಕುತ್ತಿದ್ದರು. ಎರಡು ಜಡೆ, ಒಂದು ದಪ್ಪ, ಒಂದು ಸಣ್ಣ. ಸ್ಕೂಲಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು, ಇವತ್ತು ಇವಳ ಅಮ್ಮನಿಗೆ ಹುಷಾರಿಲ್ಲ ಅಂತ.

ನನ್ನ ನಿಶ್ಚಿತಾರ್ಥದ ದಿನ ಗಂಡಿನ ಕಡೆಯವರು ಬಂದು ಕೂತಾಗ ಚೀಲ ಬಾಗಿಲ ಹಿಂದೆ ಇರಲಿಲ್ಲ. ಒಂದು ಗಂಟೆ ಬಿಟ್ಟು ಅಪ್ಪ ಹಿತ್ತಲಿಂದ ಬಂದು, ಸ್ನಾನ ಮಾಡಿ, ಏನೂ ಆಗದವರ ಹಾಗೆ ಎಲೆ ಅಡಿಕೆ ತಟ್ಟೆ ಹಿಡಿದು ನಿಂತರು. ಬೀಗರಿಗೆ ಇವತ್ತಿಗೂ ಗೊತ್ತಿಲ್ಲ. ನಾನು ಅಪ್ಪನ ಮೇಲೆ ಒಂದು ವಾರ ಮಾತು ಬಿಟ್ಟೆ. ಈಗಲೂ ನನ್ನದು ತಪ್ಪು ಅಂತ ನನಗೆ ಪೂರ್ತಿ ಅನ್ನಿಸಿಲ್ಲ.

2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದರು. ಆಗ ಅವರಿಗೆ 111 ವರ್ಷ. ಮಕ್ಕಳ ಊಟ ಆದ ಮೇಲೇ ಸುದ್ದಿ ಹೊರಗೆ ಹೇಳಿದರು ಅಂತ ಊರೆಲ್ಲ ಮಾತಾಡಿಕೊಂಡಿತು. ಮಾರನೇ ದಿನ ಲಕ್ಷಾಂತರ ಜನ. ಅಪ್ಪ ಬೆಳಗಿನ ಜಾವ ಹೋದವರು ರಾತ್ರಿ ಹನ್ನೊಂದಕ್ಕೆ ಬಂದರು. ಸೌಟು ಹಿಡಿದೂ ಹಿಡಿದೂ ಬಲಗೈಯಲ್ಲಿ ಬೊಬ್ಬೆ. ದರ್ಶನ ಆಯ್ತಾ ಅಂದೆ. ‘ಇಲ್ಲ. ಕ್ಯೂ ಜಾಸ್ತಿ ಇತ್ತು. ಬಡಿಸೋಕೆ ಜನ ಕಮ್ಮಿ ಇದ್ರು’ ಅಂದರು. ಆಮೇಲೆ ಮೊಬೈಲಿನಲ್ಲಿ ಮೆರವಣಿಗೆಯ ವಿಡಿಯೋ ಹುಡುಕಿ ಕೊಡು ಅಂದರು. ಕನ್ನಡಕ ಏರಿಸಿ, ಹತ್ತಿರ ಹಿಡಿದು ನೋಡಿದರು. ಅಳುತ್ತಾರೇನೋ ಅಂದುಕೊಂಡೆ. ‘ಕುತ್ತಿಗೆ ಚೆನ್ನಾಗಿ ನಿಲ್ಲಿಸಿದ್ದಾರೆ’ ಅಂದರು. ಮೊಬೈಲ್ ಕೊಟ್ಟು ಮಲಗಿದರು.

ಅವರು ಅತ್ತಿದ್ದು ನಾನು ನೋಡಿದ್ದು ಒಂದೇ ಸಲ. 2021ರ ಮೇ ತಿಂಗಳು, ಕೊರೊನಾ ಎರಡನೇ ಅಲೆ. ದೊಡ್ಡಪ್ಪ ಆಸ್ಪತ್ರೆಯಲ್ಲಿ ಹೋದರು. ಪ್ಲಾಸ್ಟಿಕ್ ಸುತ್ತಿ, ಆಂಬುಲೆನ್ಸಲ್ಲೇ ಕಳಿಸಿದರು. ಅಪ್ಪ ಚೀಲ ಹಿಡಿದು ಗೇಟಿನ ಹತ್ತಿರ ಮೂರು ಗಂಟೆ ನಿಂತು ವಾಪಸ್ ಬಂದರು. ‘ಮಲಗಿಸಿಬಿಟ್ರು ಕಣವ್ವ’ ಅಂದರು. ಎಷ್ಟೋ ತಿಂಗಳು ಅದನ್ನೇ ಹೇಳುತ್ತಿದ್ದರು.

ಈಗ ಆ ರಾತ್ರಿಯ ಮಾತು.

2022ರ ಡಿಸೆಂಬರ್. ಕ್ರಿಸ್‌ಮಸ್ ರಜೆಗೆ ನಾನು ತವರಿಗೆ ಬಂದಿದ್ದೆ. ರಾತ್ರಿ ಊಟ ಆದ ಮೇಲೆ ಎದೆ ಉರಿ ಅಂದರು. ಜೀರಿಗೆ ನೀರು ಕುಡಿದು ಮಲಗಿದರು. ಎರಡೂವರೆಗೆ ಅಮ್ಮ ಕೂಗಿದರು. ಹತ್ತಿರದ ಡಾಕ್ಟರು ಬಂದು ನೋಡಿ, ನನ್ನ ಮುಖ ನೋಡಿ, ತಲೆ ಅಲ್ಲಾಡಿಸಿದರು. ತಮ್ಮ ಪುಣೆಯಲ್ಲಿ. ಅಕ್ಕ ಹುಬ್ಬಳ್ಳಿಯಲ್ಲಿ. ಇಬ್ಬರೂ ಬರೋಕೆ ಮಧ್ಯಾಹ್ನ ಆಗುತ್ತೆ. ನನ್ನ ಗಂಡ ಬೆಂಗಳೂರಿಂದ ಹೊರಟಿದ್ದರು. ಮನೆಯಲ್ಲಿ ಅಮ್ಮ, ನಾನು.

ಅಮ್ಮ ಅಳುತ್ತಿದ್ದವರು ಇದ್ದಕ್ಕಿದ್ದ ಹಾಗೆ ಕೇಳಿದರು. ‘ಎಷ್ಟು ಹೊತ್ತಾಯ್ತು?’

ಯಾರನ್ನು ಕರೆಯೋದು? ಎಲ್ಲರೂ ಕರೆಯುತ್ತಿದ್ದದ್ದು ಇವರನ್ನೇ. ಅಪ್ಪನ ಫೋನಲ್ಲಿ ಕೈಗೆ ಸಿಕ್ಕಿದ ನಂಬರ್ ಡ್ರೈವರ್ ಸಾಬಣ್ಣನದು. ಹನ್ನೆರಡು ವರ್ಷ ಅಪ್ಪನ ಜೊತೆ ಅದೇ ಬಸ್ಸು ಓಡಿಸಿದವರು. ಮನೆ ಎರಡು ಬೀದಿ ಆಚೆ. ಮಂಕಿ ಟೋಪಿ ಹಾಕಿಕೊಂಡು, ಲುಂಗಿಯಲ್ಲೇ ಓಡಿಬಂದರು. ಅಪ್ಪನ ಪಕ್ಕ ಒಂದು ನಿಮಿಷ ಕೂತರು. ಎದ್ದು, ‘ಚೀಲ ಎಲ್ಲವ್ವ?’ ಅಂದರು.

ಮೊದಲ ಸಲ ನಾನು ಅದಕ್ಕೆ ಕೈ ಹಾಕಿದೆ. ಒಳಗೆ ವಿಭೂತಿ ಪುಡಿ ಉದುರಿ ಎಲ್ಲ ಸಾಮಾನಿಗೂ ಮೆತ್ತಿತ್ತು.

ಸಾಬಣ್ಣ ಮೊದಲು ದವಡೆ ಕಟ್ಟೋಣ ಅಂದರು. ಅವರಲ್ಲಿ ಹಾಗೆ ಮಾಡೋದು, ಅವರಪ್ಪನಿಗೆ ಮೈ ತೊಳೆದದ್ದು ಇವರೇ. ನಾನು ಮೊದಲು ಕಾಲು ಅಂದೆ. ಹೇಗೆ ಗೊತ್ತು ಅಂದರೆ, ಹನ್ನೊಂದನೇ ವಯಸ್ಸಿನಲ್ಲಿ ಪಕ್ಕದ ಮನೆ ಅಜ್ಜಿ ಹೋದಾಗ ಕಿಟಕಿಯಿಂದ ಕದ್ದು ನೋಡಿದ್ದೆ. ಅಪ್ಪ ಪಾದ ಹಿಡಿದು ಎಳೆದಿರಲಿಲ್ಲ. ಮಂಡಿ ಹಿಂದೆ ಒಂದು ಕೈ ಇಟ್ಟು, ಇನ್ನೊಂದು ಕೈಯಲ್ಲಿ ಮೀನಖಂಡ ನೀವುತ್ತಾ, ಮೆಲ್ಲಗೆ ಮಡಚಿದ್ದರು. ಮಡಚುವಾಗ ಅಜ್ಜಿ ಜೊತೆ ಮಾತಾಡುತ್ತಿದ್ದರು. ‘ಸ್ವಲ್ಪ ಒಳಗೆ ಸರಿಯಮ್ಮ, ಆಯ್ತು, ಇನ್ನು ಸ್ವಲ್ಪ, ಜಾಗ ಐತೆ.’ ಬಸ್ಸಲ್ಲಿ ಜನರಿಗೆ ಹೇಳುವ ದನಿಯೇ. ಅವತ್ತು ನನಗೆ ನಗು ಬಂದಿತ್ತು.

ಅಪ್ಪನ ಕಾಲು ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ. ಎಡ ಮಂಡಿ ಸುಲಭವಾಗಿ ಬಂತು. ಬಲ ಮಂಡಿ ನೋವಿನದು, ಮೂವತ್ತೈದು ವರ್ಷ ಓಡುವ ಬಸ್ಸಲ್ಲಿ ನಿಂತ ಮಂಡಿ. ಅದು ಬಗ್ಗಲಿಲ್ಲ. ನೋವಾಗುತ್ತೇನೋ ಅಂತ ನಾನು ಕೈ ಸಡಿಲ ಬಿಟ್ಟೆ. ‘ಮಾತಾಡವ್ವ, ಅವರು ಮಾತಾಡ್ತಿದ್ರು’ ಅಂದರು ಸಾಬಣ್ಣ. ನನಗೆ ಬಾಯೇ ಬರಲಿಲ್ಲ. ಅವರೇ ಶುರು ಮಾಡಿದರು. ‘ಕೊರಟಗೆರೆ ಬಂತು, ಇಳಿಯೋರು ಯಾರಾದ್ರೂ ಇದಾರಾ, ರೈಟ್ ಹೇಳಿ ಕಂಡಕ್ಟ್ರೇ...’ ಅಷ್ಟು ಹೇಳಿ ಅವರ ದನಿಯೂ ಕಟ್ಟಿತು. ಮುಂದಿನದು ನಾನು ಹೇಳಿದೆ. ಸ್ವಲ್ಪ ಒಳಗೆ ಸರಿಯಪ್ಪ. ಇನ್ನು ಸ್ವಲ್ಪ. ಜಾಗ ಐತೆ. ಮಂಡಿ ಬಗ್ಗಿತು.

ಮೊಳೆ ಹೊಡೆಯುವುದೇ ಕಷ್ಟವಾಯಿತು. ಸಾಬಣ್ಣ ಅಪ್ಪನನ್ನು ಹಿಂದಿಂದ ಹಿಡಿದುಕೊಂಡು ಕೂತಿದ್ದರು, ಮೊಳೆ ಹೊಡೆಯಬೇಕಾದದ್ದು ನಾನು. ಎರಡು ಮೊಳೆ ಡೊಂಕಾದವು. ಮೂರನೆಯದು ಇಳಿಯಿತು. ಆ ಸದ್ದಿಗೆ ಬೀದಿಯಲ್ಲಿ ಒಂದೊಂದೇ ಮನೆ ದೀಪ ಹತ್ತಿತು. ನಮ್ಮ ಬೀದಿಗೆ ಆ ಸದ್ದು ಹೊಸದಲ್ಲ. ನಡುರಾತ್ರಿ ಸುತ್ತಿಗೆ ಸದ್ದು ಕೇಳಿದರೆ ಯಾರೋ ಹೋದರು, ಅಪ್ಪ ಬಂದಿದ್ದಾರೆ ಅಂತ ಅರ್ಥ. ಎದುರು ಮನೆಯವರು ಬಾಗಿಲಲ್ಲಿ ನಿಂತು, ‘ಯಾರು ಹೋದ್ರು? ಅಣ್ಣ ಒಳಗಿದಾರಾ?’ ಅಂತ ಕೇಳಿದರು.

ಹಣೆಗೆ ಪಟ್ಟಿ ಕಟ್ಟಿದೆವು. ಗಂಟು ಕಾಣದ ಹಾಗೆ ಅಮ್ಮ ರುಮಾಲು ಸುತ್ತಿದರು. ಕೊರಳಿನ ಕರಡಿಗೆ ಬಿಚ್ಚಿ, ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟದ್ದೂ ಅಮ್ಮನೇ. ದಿನಾ ಬೆಳಗ್ಗೆ ನಾಲ್ಕೂವರೆಗೆ ಅಪ್ಪ ಕೂರುತ್ತಿದ್ದದ್ದು ಹಾಗೇ. ಗಡಿಯಾರ ನೋಡಿದೆ. ನಾಲ್ಕು ಹತ್ತು.

ಬೆಳಗಾದ ಮೇಲಿನದು ಎಲ್ಲ ಕಡೆ ನಡೆಯುವ ಹಾಗೇ ನಡೆಯಿತು. ತಮ್ಮ, ಅಕ್ಕ ಬಂದರು. ಮಠದ ಹಳೇ ವಿದ್ಯಾರ್ಥಿಗಳು ಬಂದರು, ಡಿಪೋದವರು ಬಂದರು. ಅಯ್ಯನವರು ಬಂದು ವಿಭೂತಿ ಹಚ್ಚಿದರು. ವಿಮಾನ ಕಟ್ಟಿ, ಬಾಳೆಕಂದು, ಚೆಂಡುಹೂವಿನ ನಡುವೆ ಕೂರಿಸಿ, ಭಜನೆ ಮಾಡುತ್ತಾ ಕರೆದೊಯ್ದರು. ಗುಂಡಿ ತೆಗೆಯುವಾಗ ಸ್ವಲ್ಪ ತಕರಾರಾಯಿತು. ತೀರಿಕೊಂಡವರ ಪಾದದಲ್ಲಿ ಒಂಬತ್ತು ಪಾದ ಅಂತ ಅಪ್ಪನ ಲೆಕ್ಕ. ಅದಕ್ಕೇ ಆ ಹುರಿ. ಪ್ರತಿ ಸಲವೂ ಹಳೇ ಗಂಟು ಬಿಚ್ಚಿ ಹೊಸ ಗಂಟು ಹಾಕುತ್ತಿದ್ದರು. ಜೆಸಿಬಿಯವನು ಅಂದಾಜಿಗೆ ತೆಗೆದಿದ್ದ. ಸಾಬಣ್ಣ ಹುರಿ ಹಿಡಿದು ಇಳಿದು ಅಳೆದರು. ಒಂದು ಗೇಣು ಕಮ್ಮಿ ಇತ್ತು. ಗುದ್ದಲಿ ತರಿಸಿ ಸರಿ ಮಾಡಿಸಿದರು. ಒಳಗಿನ ಗೂಡಿನಲ್ಲಿ ಅಪ್ಪನನ್ನು ಕೂರಿಸಿ, ಸುತ್ತ ಉಪ್ಪು, ವಿಭೂತಿ, ಬಿಲ್ವಪತ್ರೆ ತುಂಬಿದರು. ಕೊನೆಗೆ ಮುಖ ಮಾತ್ರ ಕಾಣುತ್ತಿತ್ತು. ಕುತ್ತಿಗೆ ನೆಟ್ಟಗೆ ನಿಂತಿತ್ತು. ನಾನು ನೋಡಿದ್ದು ಅದನ್ನೇ. ಉಳಿದವರು ಏನು ನೋಡಿದರೋ ಗೊತ್ತಿಲ್ಲ.

ಸಂಜೆ ಊಟಕ್ಕೆ ಕೂತವರಲ್ಲಿ ಯಾರೋ ಒಬ್ಬರು, ನನಗೆ ಪರಿಚಯವಿಲ್ಲದವರು, ಮಧುಗಿರಿ ಕಡೆಯವರು, ಎಲೆ ಮುಂದೆ ಸುಮ್ನೆ ಕೂತಿದ್ದರು. ಉಣ್ಣಿ ಅಂದೆ. ಕಾಲೇಜಿಗೆ ಹೋಗುವಾಗ ನನ್ನ ಟಿಕೆಟ್ ಇವರೇ ಹರಿದಿದ್ದು, ಎರಡು ವರ್ಷ, ಅಂದರು. ನಾನು ಅಮ್ಮನನ್ನು ಕರೆದು ತೋರಿಸಿದೆ. ಅಮ್ಮ ಅವರ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿದರು. ಲೆಕ್ಕದ ಜಗಳ ಏನೂ ಎತ್ತಲಿಲ್ಲ.

ಯುಗಾದಿಗೆ ಸುಣ್ಣ ಬಣ್ಣ ಮಾಡಿಸುವಾಗ ತಮ್ಮ ಆ ಮೊಳೆ ಕಿತ್ತು ಪುಟ್ಟಿ ಹಾಕಿಸಿದ. ಡೊಂಕಾದ ಎರಡು ಮೊಳೆಯ ತೂತಿಗೂ ಹಾಕಿಸಿದ. ಹತ್ತಿರ ಹೋಗಿ ನೋಡಿದರೆ ಗೊತ್ತಾಗುತ್ತೆ.

ಚೀಲ ಬಾಗಿಲ ಹಿಂದೆಯೇ ಇತ್ತು. ಅದರಲ್ಲಿದ್ದ ಪಟ್ಟಿ ಅಪ್ಪನ ಜೊತೆ ಹೋಗಿತ್ತು. ಹಬ್ಬದ ಮಾರನೇ ದಿನ ಮಧ್ಯಾಹ್ನ ಅಮ್ಮ ಅಪ್ಪನ ಒಂದು ಹಳೇ ಪಂಚೆ ತಂದು ನಡುಮನೆಯಲ್ಲಿ ಹಾಸಿದರು. ಅಂಚಿಗೆ ಹಲ್ಲು ಹಚ್ಚಿ, ಸರ್ರನೆ ಉದ್ದಕ್ಕೆ ಹರಿದರು. ನಾಲ್ಕು ಬೆರಳಗಲದ ಪಟ್ಟಿ. ಸುರುಳಿ ಸುತ್ತುವ ಮೊದಲು ನನ್ನ ಕಡೆ ಹಿಡಿದರು.

‘ಇಷ್ಟೇ ಅಗಲ ಇತ್ತಲ್ವಾ? ನೋಡಿ ಹೇಳು, ನೀನು ಕಟ್ಟಿದ್ದೀಯ’ ಅಂದರು.