ಮದುವೆಮನೆಯಲ್ಲಿ ಹಿರಿಯರಿಗೊಂದು ಕುರ್ಚಿ

ಕಲಬುರಗಿ ಮತ್ತು ಸುತ್ತಲಿನ ತಾಲೂಕುಗಳಲ್ಲಿ ಮದುವೆ ಫೋಟೊ ತೆಗೆಯುವುದು ನನ್ನ ಉದ್ಯೋಗ. ಆಲ್ಬಮ್ ಕೊಟ್ಟು, ಬಾಕಿ ಹಣ ಪಡೆದು, ವರ್ಷಗಳು ಕಳೆದ ಮೇಲೂ ಹಳೆಯ ಗಿರಾಕಿಗಳು ಫೋನ್ ಮಾಡುತ್ತಾರೆ. ಆದರೆ ಅವರು ಕೇಳುವುದು ತಾಳಿ ಕಟ್ಟಿದ ಗಳಿಗೆಯ ಚಿತ್ರವನ್ನೂ ಅಲ್ಲ, ವೇದಿಕೆಯ ಮೇಲಿನ ಜೋಡಿಯ ಚಿತ್ರವನ್ನೂ ಅಲ್ಲ. "ಅಣ್ಣಾರ, ನಮ್ಮ ಮದುವ್ಯಾಗ ನಮ್ಮ ಮುತ್ಯಾಂದು ಒಂದು ಚಲೋ ಫೋಟೊ ತೆಗ್ದಿದ್ರೇನ್ರಿ?" ಎಂದು ಕೇಳುತ್ತಾರೆ. ಆ ಪ್ರಶ್ನೆ ಬಂತೆಂದರೆ ಮುತ್ಯಾ, ಅಂದರೆ ಅಜ್ಜ, ತೀರಿಕೊಂಡಿದ್ದಾರೆ, ಸಂಜೆಯೊಳಗೆ ಶ್ರದ್ಧಾಂಜಲಿಯ ಬ್ಯಾನರ್ ಮುದ್ರಣಕ್ಕೆ ಹೋಗಬೇಕಾಗಿದೆ ಎಂದೇ ಅರ್ಥ. ಆಧಾರ್ ಕಾರ್ಡಿನ ಚಿತ್ರವನ್ನು ಹಿಗ್ಗಿಸಲು ಬರುವುದಿಲ್ಲ. ವಾಟ್ಸಾಪಿನಲ್ಲಿ ಹತ್ತಾರು ಫೋನು ದಾಟಿ ಬಂದ ಚಿತ್ರ ಮಸುಕಾಗಿರುತ್ತದೆ. ಗುಂಪಿನ ಚಿತ್ರದಲ್ಲಿ ಅವರು ಹಿಂದಿನ ಸಾಲಿನಲ್ಲಿ, ಯಾರದೋ ರುಮಾಲಿನ ಮರೆಯಲ್ಲಿ, ಅರ್ಧ ಮುಖವಷ್ಟೇ ಕಾಣುವಂತೆ ನಿಂತಿರುತ್ತಾರೆ. ಹಳ್ಳಿಯ ಅನೇಕ ಹಿರಿಯರು ಒಳ್ಳೆಯ ಕ್ಯಾಮೆರಾದ ಎದುರು ಬರುವುದು ಮನೆಯಲ್ಲಿ ಮದುವೆ ನಡೆದಾಗ ಮಾತ್ರ. ಇದು ತಿಳಿದ ಮೇಲೆ ನಾನು ಮದುವೆಯ ದಿನದ ಕೆಲಸವನ್ನು ಹಂಚಿಕೊಳ್ಳುವ ಕ್ರಮವನ್ನೇ ಬದಲಿಸಿದೆ.

ಅಕ್ಕಿಕಾಳು (ಅಕ್ಷತೆ) ಬೀಳುವುದಕ್ಕೆ ಬಹಳ ಮೊದಲು, ಬೀಗರು ಇನ್ನೂ ನಾಷ್ಟಾ ಮಾಡುತ್ತಿರುವಾಗ, ನೇರ ಬಿಸಿಲು ಬೀಳದ ಒಂದು ಬಾಗಿಲನ್ನು ಹುಡುಕಿ ಅದರ ಒಳಮಗ್ಗುಲಿಗೆ ಒಂದು ಕುರ್ಚಿ ಹಾಕುತ್ತೇನೆ. ಹಿರಿಯರನ್ನು ಒಬ್ಬೊಬ್ಬರಾಗಿ ಅಲ್ಲಿಗೆ ಕರೆತರುವುದೇ ದೊಡ್ಡ ಕೆಲಸ. "ನಂದೇನ್ ತೆಗಿತಿ ತಮ್ಮಾ, ಮದಿಮಕ್ಕಳದು ತೆಗಿ ಹೋಗು" ಎಂದು ಹೇಳದ ಅಜ್ಜಿಯನ್ನು ನಾನು ಇನ್ನೂ ಕಂಡಿಲ್ಲ. "ಆಯಿ, ಕ್ಯಾಮೆರಾ ಸರಿ ಮಾಡ್ಕೊಳ್ಳಕತ್ತೀನಿ, ಒಂದೀಟು ಸುಮ್ಮ ಕೂಡ್ರಿ" ಎಂದರೆ ಕೂಡುತ್ತಾರೆ. ಮೊದಲ ಕೆಲವು ಚಿತ್ರಗಳಲ್ಲಿ ಎರಡು ಅಂಗೈಗಳೂ ಮೊಳಕಾಲಿನ ಮೇಲೆ ಗಟ್ಟಿಯಾಗಿ ಊರಿರುತ್ತವೆ, ಕತ್ತು ಸೆಟೆದಿರುತ್ತದೆ. ಆಗ ನಾನು ನಗಲು ಹೇಳುವುದಿಲ್ಲ; ಹೇಳಿದರೆ ಬಾಯಿ ಮಾತ್ರ ಅಗಲವಾಗುತ್ತದೆ. ತೊಗರಿ ಈ ಸಲ ಹೆಂಗ ಬಂತು, ಮದುಮಗಳು ಚಿಕ್ಕವಳಿದ್ದಾಗ ಯಾರ ಹತ್ತಿರ ಮಲಗುತ್ತಿದ್ದಳು ಎಂದು ಕೇಳುತ್ತೇನೆ. ಮಾತಿನ ನಡುವೆ ಒಂದು ಕೈ ಮೊಳಕಾಲು ಬಿಟ್ಟು ಮೇಲೇಳುತ್ತದೆ, ತಲೆಯ ಮೇಲಿನ ಸೆರಗನ್ನು ಕಿವಿಯ ಹಿಂದಕ್ಕೆ ಸರಿಪಡಿಸುತ್ತದೆ. ಆ ಹೊತ್ತಿಗೆ ಮುಖವೂ ತನ್ನ ದಿನನಿತ್ಯದ ರೂಪಕ್ಕೆ ಮರಳಿರುತ್ತದೆ. ಕನ್ನಡಕ ತೆಗೆಸುವ ಅಭ್ಯಾಸವನ್ನು ಕೆಲವು ಫೋಟೊಗ್ರಾಫರುಗಳು ಇಟ್ಟುಕೊಂಡಿದ್ದಾರೆ, ನನಗದು ಒಪ್ಪಿಗೆಯಿಲ್ಲ. ಮೊಮ್ಮಕ್ಕಳು ಗುರುತಿಸುವುದು ಕನ್ನಡಕವಿರುವ ಮುಖವನ್ನೇ, ಹೊಳಪನ್ನು ತಪ್ಪಿಸಲು ಕುರ್ಚಿಯನ್ನು ಸ್ವಲ್ಪ ಓರೆ ಮಾಡಿದರೆ ಸಾಕು.

ಬಿಳಿ ಧೋತರ, ಬಿಳಿ ಅಂಗಿ, ಬಿಳಿ ರುಮಾಲು ಧರಿಸಿದ ಮುತ್ಯಾ ಕಪ್ಪು ಮೈಬಣ್ಣದವರಾಗಿದ್ದರೆ ಕ್ಯಾಮೆರಾದ ಬೆಳಕಿನ ಅಳತೆ ಮೋಸಹೋಗುತ್ತದೆ. ಚೌಕಟ್ಟಿನ ತುಂಬ ಬಿಳಿ ಬಟ್ಟೆಯಿದ್ದರೆ ಅದು ಬೆಳಕು ಹೆಚ್ಚಾಯಿತೆಂದು ತಿಳಿದು ಇಡೀ ಚಿತ್ರವನ್ನು ಕಪ್ಪಾಗಿಸುತ್ತದೆ. ಹಿಂದೆ ಕತ್ತಲೆಯ ಕೋಣೆಯೇ ಹೆಚ್ಚು ಕಂಡರೆ ಇದಕ್ಕೆ ವಿರುದ್ಧವಾಗಿ ರುಮಾಲಿನ ನೆರಿಗೆಗಳೆಲ್ಲ ಸುಟ್ಟು ಬಿಳಿಯ ಮುದ್ದೆಯಾಗುತ್ತವೆ. ಆದ್ದರಿಂದ ಒಂದು ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್‌ನಲ್ಲಿ ಕೆನ್ನೆಯ ಮೇಲೆ ಅಳತೆ ತೆಗೆದುಕೊಂಡು, ರುಮಾಲಿನ ನೆರಿಗೆ ಉಳಿಯುವಷ್ಟು ಮಾತ್ರ ಬೆಳಕು ಬಿಟ್ಟು, ಆಮೇಲೆ ಬೆಳಕು ತಿದ್ದಿಕೊಳ್ಳಲು ಬರುವ ರಾ ಫೈಲಿನಲ್ಲಿ ತೆಗೆಯುತ್ತೇನೆ. ಮುಖವನ್ನು ಬೆಳ್ಳಗೆ ಮಾಡಿಕೊಡಿ ಎಂದು ಮನೆಯವರು ಕೇಳಿದರೆ ಮದುಮಗಳ ಚಿತ್ರದಲ್ಲಿ ಒಮ್ಮೊಮ್ಮೆ ಒಪ್ಪಿದ್ದುಂಟು, ಹಿರಿಯರ ಚಿತ್ರದಲ್ಲಿ ಎಂದೂ ಒಪ್ಪುವುದಿಲ್ಲ.

ನಮ್ಮ ಕಡೆಯ ಬೆಳಕಿನ ಬಗ್ಗೆ ಹೊಸಬರಿಗೆ ಒಂದು ಮಾತು. ಯುಗಾದಿಯ ನಂತರದ ಲಗ್ನಗಳೇ ಇಲ್ಲಿ ಹೆಚ್ಚು. ಬಸವ ಜಯಂತಿಯೂ ಆಗಿರುವ ಅಕ್ಷಯ ತೃತೀಯದ ದಿನ ಸಹಾಯಕ್ಕೆ ಒಬ್ಬ ಹುಡುಗನೂ ಬಿಡುವಾಗಿ ಸಿಗುವುದಿಲ್ಲ. ಮೇ ತಿಂಗಳ ಎರಡನೆಯ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಕಲಬುರಗಿಯ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ, ಅಕ್ಕಿಕಾಳಿನ ಮುಹೂರ್ತವೂ ಹೆಚ್ಚಾಗಿ ಅದೇ ವೇಳೆಗೆ ಇರುತ್ತದೆ. ಬಯಲಿನಲ್ಲಿ ನಿಂತವರ ಕಣ್ಣುಗುಣಿಗಳು ಕಪ್ಪಾಗುತ್ತವೆ. ಕೆಂಪು, ಹಳದಿ ಬಟ್ಟೆಯ ಹಂದರದ ಕೆಳಗೆ ನಿಂತವರ ಮುಖಕ್ಕೆ ಮೇಲಿನಿಂದ ಬಟ್ಟೆಯ ಬಣ್ಣವೂ ಪಕ್ಕದಿಂದ ಹಗಲಿನ ಬೆಳಕೂ ಬಿದ್ದು, ಒಂದು ಕೆನ್ನೆಯನ್ನು ಸರಿಪಡಿಸಿದರೆ ಇನ್ನೊಂದು ಕೆನ್ನೆ ನೀಲಿಯಾಗುತ್ತದೆ. ಇದಕ್ಕೆ ಉಪಾಯ ನಮ್ಮ ಕಾಲ ಕೆಳಗೇ ಇದೆ. ಹಳೆಯ ಮನೆಗಳ ಅಂಗಳಕ್ಕೆ ಹಾಸಿದ ಶಹಾಬಾದಿ ಫರಸಿ ಕಲ್ಲು ಬೂದು ಬಣ್ಣದ್ದು. ಅದರ ಮೇಲೆ ಬಿದ್ದ ಬಿಸಿಲು ಯಾವ ಬಣ್ಣವನ್ನೂ ಬೆರೆಸದೆ ಕೆಳಗಿನಿಂದ ಮುಖಕ್ಕೆ ಮರಳುತ್ತದೆ. ಪಡಸಾಲೆಯ ನೆರಳಿನ ಅಂಚಿನಲ್ಲಿ, ಬಿಸಿಲು ಬಿದ್ದ ಫರಸಿಗೆ ಎದುರಾಗಿ ಜನರನ್ನು ನಿಲ್ಲಿಸಿದರೆ ಬಾಡಿಗೆಯ ರಿಫ್ಲೆಕ್ಟರ್ ಬೇಕಾಗುವುದಿಲ್ಲ. ಕಲ್ಯಾಣ ಮಂಟಪದ ಅಗ್ಗದ ಎಲ್‌ಇಡಿ ದೀಪಗಳದು ಬೇರೆಯೇ ಕಾಟ: ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಅವು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ, ಶಟರ್ ವೇಗವನ್ನು 1/100ಕ್ಕೆ ಇಳಿಸದಿದ್ದರೆ ಚಿತ್ರದಲ್ಲಿ ಅಡ್ಡಪಟ್ಟಿಗಳು ಮೂಡುತ್ತವೆ.

ಹಿರಿಯರ ಚಿತ್ರದಷ್ಟೇ ಬೆಲೆಯುಳ್ಳದ್ದೆಂದು ನಾನು ತಿಳಿದಿರುವುದು ಮದುವೆಯ ಹಿಂದಿನ ದಿನದ ಮನೆಯನ್ನು. ಓಣಿಯ ಹೆಂಗಸರು ಸೇರಿ ರೊಟ್ಟಿ ಬಡಿಯುತ್ತಿರುತ್ತಾರೆ; ಶಟರ್ ವೇಗ 1/60ರಷ್ಟಿದ್ದರೆ ಬಡಿಯುವ ಅಂಗೈ ಅಲುಗಿದಂತೆ ಕಂಡು, ಮುಖ ಮಾತ್ರ ಸ್ಪಷ್ಟವಾಗಿ ಉಳಿಯುತ್ತದೆ, ಆ ಚಿತ್ರವನ್ನು ನೋಡಿದವರಿಗೆ ಸಪ್ಪಳವೂ ಕೇಳುತ್ತದೆ. ಬಳೆಗಾರ ಮದುಮಗಳ ಕೈಯನ್ನು ತನ್ನ ಮೊಳಕಾಲಿಗೆ ಆನಿಸಿಕೊಂಡು, ಹೆಬ್ಬೆರಳಿನ ಬುಡವನ್ನು ಒಳಕ್ಕೆ ಒತ್ತಿ, ಹಸಿರು ಬಳೆಯನ್ನು ಗೆಣ್ಣು ದಾಟಿಸುವಾಗ ಅವಳು ತುಟಿ ಕಚ್ಚಿ ತಾಯಿಯ ಕಡೆ ನೋಡುತ್ತಾಳೆ. ವೇದಿಕೆಯ ಮೇಲೆ ಮುಗಿಯದ ಸಾಲು ನಿಂತು, ಮೈಕಿನಲ್ಲಿ ಆಹೇರಿ (ಉಡುಗೊರೆ) ಕೊಟ್ಟವರ ಹೆಸರುಗಳನ್ನು ಕೂಗುತ್ತಿರುವಾಗ ಅಂಥ ನೋಟ ಸಿಗುವುದಿಲ್ಲ. ಕೋಟೆ, ಗುಂಬಜಗಳ ಎದುರು ತೆಗೆಯುವ ಮದುವೆಪೂರ್ವ ಚಿತ್ರಗಳನ್ನು ನಾನೂ ತೆಗೆಯುತ್ತೇನೆ, ಹೊಟ್ಟೆಪಾಡು. ಮುಖ ಮುಚ್ಚಿದರೆ ಅವು ಯಾವ ಜೋಡಿಯವೆಂದು ತೆಗೆದ ನನಗೇ ತಿಳಿಯುವುದಿಲ್ಲ.

ನಿಕಾಹ್‌ನ ಕೆಲಸದಲ್ಲಿ ಇನ್ನೊಂದು ಪ್ರಶ್ನೆಯಿದೆ. ವರನ ಮುಖದ ಮುಂದೆ ಇಳಿಬಿಟ್ಟ ಸೆಹರಾದ ಹೂವಿನ ಎಳೆಗಳ ಮೇಲೆ ಫೋಕಸ್ ನಿಂತುಬಿಡದಂತೆ ನೋಡಿಕೊಳ್ಳುವುದು ಸುಲಭ, ಆದರೆ ಹೆಣ್ಣುಮಕ್ಕಳ ಕೋಣೆಗೆ ಗಂಡಸು ಕ್ಯಾಮೆರಾ ಹಿಡಿದು ಹೋಗುವಂತಿಲ್ಲದ ಮನೆಗಳಲ್ಲಿ ಅರ್ಧ ಮದುವೆಯೇ ದಾಖಲೆಯಿಂದ ಹೊರಗುಳಿಯುತ್ತದೆ. ಈ ಭಾಗವೆಲ್ಲ ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದಲ್ಲಿಯೇ, ಆರನೆಯ ನಿಜಾಮರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನ್ ದಯಾಳ್ ಅವರು ಪರದೆಯ ಹೆಂಗಸರಿಗಾಗಿ 1892ರಲ್ಲಿ ಪ್ರತ್ಯೇಕ ಜನಾನಾ ಸ್ಟುಡಿಯೊ ತೆರೆದು ಅದನ್ನು ಒಬ್ಬ ಮಹಿಳೆಯ ಕೈಗೆ ಒಪ್ಪಿಸಿದ್ದರು. ಅಷ್ಟು ಹಿಂದೆಯೇ ಉತ್ತರ ಸಿಕ್ಕ ಪ್ರಶ್ನೆಗೆ ಇಂದಿಗೂ ನಮ್ಮ ಊರುಗಳಲ್ಲಿ ಕ್ಯಾಮೆರಾ ಹಿಡಿದ ಹೆಣ್ಣುಮಕ್ಕಳು ಸಾಕಷ್ಟಿಲ್ಲ. ನನ್ನ ತಂಡದಲ್ಲಿ ಒಬ್ಬಾಕೆ ಇದ್ದಾಳೆ, ಅವಳ ದಿನಗೂಲಿ ನನ್ನ ಎರಡನೆಯ ಕ್ಯಾಮೆರಾದವನಷ್ಟೇ. ವಧುವಿನ ನಾನಿಯ ಚಿತ್ರ ಅವಳಿಲ್ಲದೆ ಆಗುವುದಿಲ್ಲ.

ಕೊನೆಗೆ ದರದ ವಿಷಯ. ಹಿಂದಿನ ದಿನದ ಚಿತ್ರೀಕರಣವನ್ನು ದರಪಟ್ಟಿಯಲ್ಲಿ ಬೇರೆ ಸಾಲಾಗಿ ಬರೆದರೆ ಚೌಕಾಸಿಗೆ ಕುಳಿತ ಮಾವಂದಿರು ಮೊದಲು ಅದನ್ನೇ ಹೊಡೆದುಹಾಕುತ್ತಾರೆ, ಏಕೆಂದರೆ ರೊಟ್ಟಿ ಬಡಿಯುವುದರಲ್ಲಿ ಫೋಟೊ ತೆಗೆಯುವಂಥದ್ದೇನಿದೆ ಎಂಬುದು ಅವರ ಪ್ರಶ್ನೆ. ಆದ್ದರಿಂದ ಈಗ ಆ ದಿನವನ್ನೂ ಹಿರಿಯರ ಚಿತ್ರಗಳನ್ನೂ ಮುಖ್ಯ ದರದೊಳಗೇ ಸೇರಿಸಿ, ಡ್ರೋನನ್ನು ಮಾತ್ರ ಬೇರೆ ಸಾಲಾಗಿ, ಎದ್ದು ಕಾಣುವಂತೆ ಬರೆಯುತ್ತೇನೆ. ಏನನ್ನಾದರೂ ಹೊಡೆದುಹಾಕಿದ ಸಮಾಧಾನ ಅವರಿಗೆ ಬೇಕು. ಅವರು ಡ್ರೋನನ್ನು ಹೊಡೆದುಹಾಕುತ್ತಾರೆ.