ಎರಡು ಸ್ಪೀಕರ್ ನಡುವಿನ ಜಾಗ

2024 ಜುಲೈ 14, ಭಾನುವಾರ

ಸಂಜೆ ಸ್ಟೇಜಿನಲ್ಲಿ ಗಿಟಾರ್ ನುಡಿಸುತ್ತಿದ್ದ ನಮ್ಮ ಮೇಷ್ಟ್ರು ಫೋನ್ ಮಾಡಿದ್ದರು. ಊಟ ಆಯ್ತಾ, ಮನೆಯವರೆಲ್ಲ ಹೇಗಿದ್ದಾರೆ, ಅದೇನೂ ಇಲ್ಲ. ನೇರವಾಗಿ ಕೇಳಿದ್ದು ಒಂದೇ: "ಆ ಸುಯ್ ಅನ್ನೋ ಸದ್ದು ಇದೆಯಾ, ಇಲ್ಲ ತೆಗೆದುಬಿಟ್ಟೆಯಾ?"

ಆಗಿನಿಂದ ತಲೆಯಲ್ಲಿ ಅದೇ ಓಡುತ್ತಿದೆ.

ಅವರ ಗಿಟಾರ್ ಆಂಪ್, ರೋಲ್ಯಾಂಡ್ ಜೆಸಿ-120, ರಿಪೇರಿಗೆ ಅಂತ ಬಂದು ಈಗ ನಮ್ಮ ಹಿಂದಿನ ರೂಮಿನಲ್ಲಿದೆ. ತಮ್ಮ ಕೈ ಕೊಡದಿದ್ದರೆ ಮೆಟ್ಟಿಲು ಹತ್ತಿಸೋಕೇ ಆಗುತ್ತಿರಲಿಲ್ಲ. 1975ರಲ್ಲಿ ಜಪಾನಿನಲ್ಲಿ ಶುರುವಾದ ಮಾಡೆಲ್ ಇದು. ಹಳೇ ರೇಡಿಯೋದಲ್ಲಿರುವಂಥ ಗಾಜಿನ ವಾಲ್ವ್ ಒಂದೂ ಇಲ್ಲ, ಪೂರ್ತಿ ಸಾಲಿಡ್ ಸ್ಟೇಟ್, ಅಂದರೆ ಟ್ರಾನ್ಸಿಸ್ಟರಿನದು. 60 ವಾಟ್‌ನ ಎರಡು ಪವರ್ ಆಂಪ್, 12 ಇಂಚಿನ ಎರಡು ಸ್ಪೀಕರ್. ಗಣೇಶನ ಪೆಂಡಾಲು, ರಾಜ್ಯೋತ್ಸವ, ಮದುವೆ ರಿಸೆಪ್ಷನ್ ಅಂತ ಮೇಷ್ಟ್ರ ಜೊತೆ ಊರೂರು ಸುತ್ತಿದೆ. ಗ್ರಿಲ್ ಬಟ್ಟೆಯ ಮೂಲೆಯಲ್ಲಿ ಆಯುಧಪೂಜೆಯ ಕುಂಕುಮ ಹಾಗೇ ಇಂಗಿದೆ. ಅದನ್ನು ಒರೆಸುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ದೆ.

ಬಂದಾಗ ಕೋರಸ್ (ಒಂದೇ ಗಿಟಾರನ್ನು ಹಲವು ಗಿಟಾರಿನಂತೆ ಕೇಳಿಸುವ ಎಫೆಕ್ಟ್) ಬರುವ ಕಡೆ ಸತ್ತು ಹೋಗಿತ್ತು. ಮೇಷ್ಟ್ರು ಕೋರಸ್ಸಿನ ಚಿಪ್ಪೇ ಹೋಗಿದೆ ಅಂದುಕೊಂಡು ಆಸೆ ಬಿಟ್ಟಿದ್ದರು. ಆ ಹಳೇ ಚಿಪ್‌ಗಳನ್ನು ಮೂಲ ಕಂಪನಿ ಈಗ ತಯಾರಿಸುವುದಿಲ್ಲವಲ್ಲ. ನೇರವಾಗಿ ಮೇನ್ಸ್‌ಗೆ ಹಾಕದೆ ಸೀರೀಸ್ ಬಲ್ಬಿನಲ್ಲಿ, ಅಂದರೆ ಕರೆಂಟು ಒಂದು ಬಲ್ಬ್ ದಾಟಿ ಬರುವ ಹಾಗೆ, ಹಾಕಿ ನೋಡಿದೆ. ಬಲ್ಬ್ ಝಗ್ ಅಂತ ಪೂರ್ತಿ ಉರಿಯಿತು, ಆರಲೇ ಇಲ್ಲ. ಎಲ್ಲೋ ಶಾರ್ಟ್ ಆಗಿದೆ ಅಂತ ಅರ್ಥ. ಹುಡುಕಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್. ಜೋಡಿ ಬದಲಾಯಿಸಿ, ಅಡಿಗೆ ಕರೆಂಟು ತಡೆಯುವ ಹೊಸ ಮೈಕಾ ಹಾಳೆ ಇಟ್ಟು, ಬಿಸಿ ದಾಟಿಸುವ ಪೇಸ್ಟ್ ಹಚ್ಚಿ ಮತ್ತೆ ಹಾಕಿದಾಗ ಬಲ್ಬ್ ಒಮ್ಮೆ ಮಿನುಗಿ ಮಂಕಾಯಿತು. ಆ ಮಂಕು ಬೆಳಕು ನೋಡಿದಾಗ ಆಗುವ ಖುಷಿ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಪವರ್ ಸಪ್ಲೈನ ದೊಡ್ಡ ಕೆಪಾಸಿಟರ್‌ಗಳು ಒಣಗಿ 100 ಹರ್ಟ್ಸ್‌ನ ಹಮ್, ಗುಂಯ್ ಅನ್ನೋ ಸದ್ದು, ಬರುತ್ತಿತ್ತು. ಅವನ್ನೂ ಬದಲಾಯಿಸಿದ್ದಾಯಿತು.

ಉಳಿದದ್ದು ಈ ಸುಯ್.

ಜೆಸಿಯ ಒಂದು ಸ್ಪೀಕರಿಗೆ ಗಿಟಾರಿನ ಸದ್ದು ಇದ್ದ ಹಾಗೇ ಹೋಗುತ್ತದೆ. ಇನ್ನೊಂದಕ್ಕೆ ಹೋಗುವುದು ಬಕೆಟ್ ಬ್ರಿಗೇಡ್ ಚಿಪ್ ದಾಟಿಕೊಂಡು. ಬೆಂಕಿ ಆರಿಸಲು ಸಾಲಾಗಿ ನಿಂತವರು ಕೈಯಿಂದ ಕೈಗೆ ಬಕೆಟ್ ದಾಟಿಸುವ ಹಾಗೆ, ಒಳಗಿನ ನೂರಾರು ಪುಟ್ಟ ಕೆಪಾಸಿಟರ್‌ಗಳು ಸದ್ದನ್ನು ಮುಂದಕ್ಕೆ ಸಾಗಿಸುತ್ತವೆ. ಕೆಲವೇ ಮಿಲಿಸೆಕೆಂಡ್ ತಡ. ಆ ತಡ ಮೆಲ್ಲಗೆ ಹೆಚ್ಚು ಕಮ್ಮಿ ಆಗುತ್ತಿದ್ದರೆ ಶ್ರುತಿ ಒಂಚೂರು ಮೇಲೆ ಕೆಳಗೆ ಆಡುತ್ತದೆ. ಎರಡೂ ಸೇರುವುದು ಸರ್ಕ್ಯೂಟಿನಲ್ಲಲ್ಲ, ರೂಮಿನ ಗಾಳಿಯಲ್ಲಿ. ಚಿಪ್ ದಾಟುವಾಗ ಒಂದಿಷ್ಟು ಸುಯ್ಯೂ ಸೇರಿಕೊಳ್ಳುತ್ತದೆ. ಗಿಟಾರಿನ ಸಣ್ಣ ಸದ್ದನ್ನು ಮೊದಲು ಹಿಗ್ಗಿಸುವ ಪ್ರೀ ಆಂಪಿನ ಸುಯ್ ಬೇರೆ. ಜೆಸಿ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ವಿಷಯವೇ.

ಇದನ್ನು ಹೇಳಿದಾಗ ಮೇಷ್ಟ್ರು ನಕ್ಕರು. "ನಮ್ಮ ಸ್ಟೇಜಲ್ಲಿ ಒಂದು ಪಕ್ಕ ಕೀಬೋರ್ಡಿನವನು. ಅವನಿಗೆ ಯಾವತ್ತೂ ಬೋಳು ಗಿಟಾರೇ ಕೇಳಿಸಿದ್ದು. ಏನು ಇಷ್ಟು ಒಣಕಲಾಗಿ ನುಡಿಸ್ತೀಯ ಅಂತಿದ್ದ. ಈ ಪಕ್ಕ ತಬಲಾದವರು. ನಿನ್ನ ಶ್ರುತಿ ಅಲ್ಲಾಡ್ತಿದೆ, ಟ್ಯೂನ್ ಮಾಡ್ಕೋ ಅಂತ ಬೈಯೋರು. ಎರಡೂ ಸೇರಿ ಕೇಳಿಸ್ತಿದ್ದದ್ದು ಮಧ್ಯದಲ್ಲಿ ನಿಂತಿದ್ದ ನನಗೇ."

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಜನರೇಟರ್ ಕರೆಂಟು. ಯಾವಾಗ ಹೋಗುತ್ತೋ ಗೊತ್ತಿಲ್ಲ. ಹಾಡಿಗೆ ಮುಂಚೆ ಆ ಸುಯ್ ಕೇಳಿಸಿದ್ರೆ ಸರಿ, ಆನ್ ಆಗಿದೆ ಅಂತ ಧೈರ್ಯ. ಅದನ್ನ ತೆಗೀಬೇಡ."

ನಾನೋ ಕಮ್ಮಿ ನಾಯ್ಸಿನ ಪಾರ್ಟ್ಸ್ ಎಲ್ಲ ತಂದು ಟ್ರೇಯಲ್ಲಿ ಜೋಡಿಸಿಟ್ಟಿದ್ದೇನೆ.

ಮಧ್ಯಾಹ್ನ ತಮ್ಮನ ಫ್ರೆಂಡ್ ಬಂದಿದ್ದ. ವಾಲ್ವ್ ಇಲ್ಲದ ಆಂಪಿಗೆ ಯಾಕೆ ಇಷ್ಟು ಕಷ್ಟ ಪಡ್ತೀರಾ ಅಂದ. ಸಿಟ್ಟು ಬಂತು. 1966ರಲ್ಲಿ ಅಮೆರಿಕದ ಫೆಂಡರ್ ಕಂಪನಿ ತಂದ ತನ್ನ ಮೊದಲ ಟ್ರಾನ್ಸಿಸ್ಟರ್ ಆಂಪ್‌ಗಳು ಸೋತವು, ನಿಜ. ಅದರ ಕೆಟ್ಟ ಹೆಸರನ್ನು ಇವತ್ತಿಗೂ ಎಲ್ಲಕ್ಕೂ ಅಂಟಿಸಿದರೆ ಹೇಗೆ? ರಾಕ್ ಗಾಯಕ ಜಾನ್ ಫೋಗರ್ಟಿ ನುಡಿಸಿದ್ದು ಕಸ್ಟಮ್ ಅನ್ನೋ ಕಂಪನಿಯ ಟ್ರಾನ್ಸಿಸ್ಟರ್ ಆಂಪಿನಲ್ಲಿ. ಬ್ಲೂಸ್ ಗಿಟಾರಿಸ್ಟ್ ಬಿ.ಬಿ. ಕಿಂಗ್‌ಗೆ ಲ್ಯಾಬ್ ಸೀರೀಸ್ ಅನ್ನೋ ಟ್ರಾನ್ಸಿಸ್ಟರ್ ಆಂಪು ಬಲು ಇಷ್ಟವಾಗಿತ್ತು. ವಾಲ್ವ್ ಆಂಪಿಗೆ ಕೊಳ್ಳುವವರು ಸಾಲು ನಿಲ್ಲುತ್ತಾರೆ, ಇವು ಗುಜರಿಗೆ ಹೋಗುತ್ತವೆ. ಒಳಗೆ ಕೆಟ್ಟಿರುವುದು ಎಷ್ಟೋ ಸಲ ಬಿರುಕು ಬಿಟ್ಟ ಒಂದು ಬೆಸುಗೆ ಅಷ್ಟೇ. ಹೊಟ್ಟೆ ಉರಿಯುತ್ತದೆ.

ಇರಲಿ. ನನ್ನ ಕಷ್ಟ ಬೇರೆ. ಈಗ ಬರುತ್ತಿರುವ ಸುಯ್ ಮೇಷ್ಟ್ರು ಕೇಳಿದ ಸುಯ್ಯೇನಾ? ವಯಸ್ಸಾದ ಟ್ರಾನ್ಸಿಸ್ಟರ್, ರೆಸಿಸ್ಟರ್‌ಗಳೂ ಸುಯ್ಗುಡುತ್ತವೆ. ಹುಟ್ಟಿದಾಗಿನಿಂದ ಇದ್ದದ್ದು ಎಷ್ಟು, ಆಮೇಲೆ ಬಂದದ್ದು ಎಷ್ಟು, ಮೀಟರ್ ಹೇಳುವುದಿಲ್ಲ. ಹೇಳಬಲ್ಲವರು ಅವರೊಬ್ಬರೇ. ಕರೆಸಿ, ಒಂದೊಂದೇ ಪಾರ್ಟ್ ಬದಲಾಯಿಸಿ ಕೇಳಿಸಬೇಕು. ಆದರೆ ಈಚೆಗೆ ಅವರ ಬಲಗಿವಿ ಮಂದವಾಗಿದೆ, ಫೋನಿನಲ್ಲೂ ಎಲ್ಲ ಎರಡೆರಡು ಸಲ ಹೇಳಬೇಕಾಯಿತು. ಇದೋ ಎರಡು ಕಿವಿಯೂ ಬೇಕಾದ ಆಂಪು. ಕುರ್ಚಿಯನ್ನು ಮಧ್ಯಕ್ಕೆ ಹಾಕದೆ ಸ್ವಲ್ಪ ಓರೆಗೆ ಹಾಕಿದರೆ, ಅಥವಾ ಆಂಪನ್ನೇ ಗೋಡೆಯ ಕಡೆ ತಿರುಗಿಸಿದರೆ...